ಖಾಲಿ ಕೋಣೆಯಲ್ಲಿ ಏಳು ಜನ

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನ, ಪುಸ್ತಕ ಬಂದು ಹದಿನೆಂಟು ದಿನ. ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳಬೇಕೆಂದೇ ಕೂತೆ. ಆದರೆ ಯೋಚಿಸಿ ನೋಡಿದರೆ ತಪ್ಪು ನನ್ನದಲ್ಲ, ನಿನ್ನ ಪುಸ್ತಕದ್ದು. ತೊಂಬತ್ತಾರು ಪುಟ, ಒಂದೊಂದು ಪುಟದಲ್ಲಿ ಆರೇಳು ಸಾಲು, ಉಳಿದದ್ದೆಲ್ಲ ಬಿಳಿ. ನಾನು ಬಟ್ಟೆಯನ್ನು ಹೀಗೆ ಬಿಟ್ಟು ಬಿಟ್ಟು ಕತ್ತರಿಸಿದ್ದರೆ ಗಿರಾಕಿಗಳು ನನ್ನನ್ನೇ ಕತ್ತರಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಮುಗಿಯಬೇಕಾದದ್ದು ಹದಿನೆಂಟು ದಿನ ತಿಂದಿತು. ಯಾಕೆಂದು ಹೇಳುತ್ತೇನೆ, ಸಮಾಧಾನದಿಂದ ಓದು.

ಐವತ್ತು ದಾಟಿದವನನ್ನು, ಅದೂ ಬಹುಮಾನ ಬಂದ ಕವಿಯನ್ನು, ಇನ್ನೂ ಗುಬ್ಬಿ ಎಂದು ಕರೆಯುವುದು ಸರಿಯಲ್ಲ ಎನ್ನುತ್ತಾರೆ ನಿನ್ನ ಭಾವ. ಬಹುಮಾನದ ಪತ್ರದಲ್ಲಿ ನಿನ್ನನ್ನು 'ನಗರದ ಏಕಾಂಗಿ ದನಿ' ಎಂದು ಕರೆದಿದ್ದಾರಂತೆ. ಹಾಗೆ ಕೂಗಿದರೆ ನೀನು ಊಟಕ್ಕೆ ಏಳುತ್ತೀಯೋ ಇಲ್ಲವೋ ಎಂಬ ಅನುಮಾನದಿಂದ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಭಾವನ ಬಲ ಮಂಡಿ ಕ್ಷೇಮವಿಲ್ಲ, ಉಳಿದ ಭಾವ ಕ್ಷೇಮ. ಬಸ್ ಡಿಪೋದ ಟೈಮ್‌ಕೀಪರ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ನಾನು ಅಂಗಡಿಗೆ ಹೋಗಿ ಬಂದ ಹೊತ್ತನ್ನು ಬಾಯಲ್ಲಿ ಹೇಳುತ್ತಾರೆ: "ಹತ್ತೂ ಹತ್ತಕ್ಕೆ ಬಿಟ್ಟೆ, ಹತ್ತೂ ಐವತ್ತೆರಡಕ್ಕೆ ಬಂದೆ." ಅತ್ತೆಗೆ ಎಂಬತ್ತೆಂಟು, ಕಿವಿ ಮಂದವಾಗಿದೆ, ಬಾಯಿ ಆಗಿಲ್ಲ. ನನ್ನ ಹೊಲಿಗೆ ಎಂದಿನಂತೆ. ಶಾಲೆ ತೆರೆಯುವ ಮುಂಚೆ ಕೋಟುಗಳು ಮುಗಿಯಬೇಕು, ಮುಗಿಯುವುದಿಲ್ಲ, ಆದರೂ ಮುಗಿಯುತ್ತವೆ. ಮಗಳು ಗಂಡನ ಮನೆಯಲ್ಲಿ ಆರಾಮ. ಅವಳಿಗೂ ಒಂದು ಪ್ರತಿ ಕಳಿಸಿದೆಯಲ್ಲ, ಓದಿ ಫೋನ್ ಮಾಡಿದ್ದಳು. "ಅಮ್ಮಾ, ಮಾವ ನಮ್ಮನೇಲಿ ಇಷ್ಟೊಂದು ಬೇಜಾರಲ್ಲಿದ್ರಾ?" ಎಂದಳು. "ಕವಿಗಳು ಹಾಗೇ ಕಣೇ, ಹೊಟ್ಟೆ ತುಂಬಿದ್ಮೇಲೆ ಬೇಜಾರು ಶುರುವಾಗತ್ತೆ" ಎಂದು ನಗಾಡಿ ಫೋನ್ ಇಟ್ಟೆ. ಇಟ್ಟ ಮೇಲೆ ನನಗೇ ಗೊಂದಲ ಶುರುವಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚ್ ಇಪ್ಪತ್ನಾಲ್ಕಕ್ಕೆ ಬಹುಮಾನ ಸಮಾರಂಭ, 'ಅಕ್ಕಾ, ನೀನು ವೇದಿಕೆಗೆ ಬಂದು ನನ್ನ ಬಗ್ಗೆ ಎರಡು ಮಾತಾಡಬೇಕು, ಆ ದಿನಗಳ ನನ್ನ ಒಂಟಿತನವನ್ನು ಕಣ್ಣಾರೆ ನೋಡಿದವಳು ನೀನೊಬ್ಬಳೇ' ಎಂದು ಬರೆದಿದ್ದೀಯ. ಈ ವಾಕ್ಯವನ್ನು ನಾನು ನಾಲ್ಕು ಸಲ ಓದಿದೆ. ಒಬ್ಬನ ಒಂಟಿತನವನ್ನು ಇನ್ನೊಬ್ಬಳು ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ನೋಡಿದ್ದಾಳೆ ಎಂದರೆ ಅದು ಯಾವ ಜಾತಿಯ ಒಂಟಿತನ? ನೋಡುತ್ತಿದ್ದವಳನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಬಟ್ಟೆ ಕೈಗೆ ಬಂದರೆ ಮೊದಲು ಒಳಮೈ ತಿರುವಿ ನೋಡುವುದು ನನ್ನ ಅಭ್ಯಾಸ. ಹೊರಗಿನ ಅಂದಕ್ಕೆ ಎಲ್ಲರೂ ಮರುಳಾಗುತ್ತಾರೆ. ದಾರ ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ತುಂಡು ಸೇರಿಸಿದ್ದಾರೆ ಎಂಬುದು ಒಳಗೇ ಗೊತ್ತಾಗುವುದು. ನಿನ್ನ ಪುಸ್ತಕವನ್ನೂ ಹಾಗೇ ತಿರುವಿದೆ. ಎಲ್ಲರೂ ಹೊಗಳುತ್ತಿರುವ ಆ 'ಖಾಲಿ ಕೋಣೆ' ಎಂಬ ಕವಿತೆಯನ್ನೇ ತೆಗೆದುಕೋ:

*ಈ ಊರಿನ ಈ ಕೋಣೆಯಲ್ಲಿ*
*ಹನ್ನೊಂದು ವರ್ಷ*
*ನಾನು, ಮತ್ತೊಂದು ಕುರ್ಚಿ;*
*ಕುರ್ಚಿಯೂ ಖಾಲಿ.*
*ಗೋಡೆಯಾಚೆ ಯಾರೋ ಅಪರಿಚಿತ*
*ಕೆಮ್ಮುತ್ತಾನೆ.*
*ನಗರದ ಕಬ್ಬಿಣದೆದೆ*
*ನಿಲ್ಲದೆ ಬಡಿಯುತ್ತದೆ.*
*ಯಾರೂ ನನ್ನೊಡನೆ*
*ಒಂದು ಮಾತಾಡಿಲ್ಲ.*

ಗುಬ್ಬೀ, ಆ ಕೋಣೆ ಯಾವುದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಈ ಮನೆಯಲ್ಲಿ ಇರುವುದೇ ಎರಡು ಕೋಣೆ. ಹತ್ತೊಂಬತ್ತರ ಹುಡುಗ ಓದಲು ಬಂದೆ, ಮೂವತ್ತರ ಗಂಡಸಾಗಿ ನೌಕರಿ ಹಿಡಿದು ಹೋದೆ. ಆ ಮುಂದಿನ ಕೋಣೆಯಲ್ಲಿ ನಾನಿದ್ದೆ. ನಿನ್ನ ಭಾವ ಇದ್ದರು. ಅತ್ತೆ ಮಂಚದ ಮೇಲಿದ್ದರು. ಮಗಳು ಮಂಚದ ಕೆಳಗೆ, ಗುಂಡಿ ಡಬ್ಬಿಯ ಹತ್ತಿರ. ಕಾಜಾ ಹೊಲಿಯಲು, ಗುಂಡಿ ಹಾಕಲು ಇಬ್ಬರು ಹೆಂಗಸರು ಬರುತ್ತಿದ್ದರು. ಅವರಲ್ಲಿ ದಪ್ಪಕ್ಕೆ ಇದ್ದವಳು ಇಬ್ಬರ ಜಾಗ ತೆಗೆದುಕೊಳ್ಳುತ್ತಿದ್ದಳು, ಅವಳನ್ನು ಒಬ್ಬಳೆಂದೇ ಹಿಡಿಯೋಣ. ನಿನ್ನನ್ನೂ ಸೇರಿಸಿದರೆ ಏಳು ಜನ. ಆ ಕೋಣೆಯಲ್ಲಿ ಒಂಟಿಯಾಗಬೇಕು ಎಂದರೆ ಸರತಿಯಲ್ಲಿ ನಿಲ್ಲಬೇಕಿತ್ತು! ಕುರ್ಚಿಯಂತೂ ಖಾಲಿ ಇದ್ದದ್ದನ್ನು ನಾನು ಕಂಡೇ ಇಲ್ಲ. ಅದರಲ್ಲಿ ಭಾವ ಇರುತ್ತಿದ್ದರು. ಅವರಿಲ್ಲದಾಗ ಅವರ ಒಗೆದ ಬಟ್ಟೆ ಇರುತ್ತಿತ್ತು.

'ಕಬ್ಬಿಣದೆದೆ ಎಂದರೆ ಮನುಷ್ಯನನ್ನು ಅರೆದು ಹಾಕುವ ಯಂತ್ರನಾಗರಿಕತೆ' ಎಂದು ಮುನ್ನುಡಿಯಲ್ಲಿ ಪ್ರೊಫೆಸರರು ಬರೆದಿದ್ದಾರೆ. ಅದು ನನ್ನ ಹೊಲಿಗೆ ಮಷಿನ್ನು. ಅದು ಯಾರನ್ನೂ ಅರೆದಿಲ್ಲ, ಮೂರು ಶಾಲೆಗಳಿಗೆ ಯೂನಿಫಾರಂ ಕೊಟ್ಟಿದೆ. ಮೊದಲ ಸಲ ಓದಿದಾಗ, ನಿಜ ಹೇಳುತ್ತೇನೆ, ಹೆಮ್ಮೆಯಾಯಿತು: ನಮ್ಮ ಮಷಿನ್ನು ಕವಿತೆಗೆ ಬಂತಲ್ಲ ಎಂದು. ಎರಡನೇ ಸಲ ಓದಿದಾಗ ಮಷಿನ್ನನ್ನು ಯಾರು ತುಳಿಯುತ್ತಿದ್ದರು ಎಂದು ಹುಡುಕಿದೆ. ಯಾರೂ ತುಳಿಯುತ್ತಿಲ್ಲ. ತಾನಾಗಿ ಬಡಿದುಕೊಳ್ಳುತ್ತಿದೆ.

ಭಾವನಿಗೂ ಓದಿ ಹೇಳಿದೆ. "ನನ್ನ ಕೆಮ್ಮು ಅಚ್ಚಾಗಿದೆಯಾ? ಯಾವ ಪುಟ?" ಎಂದು ಪುಟದ ಕಿವಿ ಮಡಚಿ, ಡಿಪೋದ ಹಳೇ ಸ್ನೇಹಿತರಿಗೆಲ್ಲ ತೋರಿಸಿ ಬಂದರು. ಎರಡು ದಿನವಾದ ಮೇಲೆ ಹಲ್ಲುಜ್ಜುತ್ತಾ ಬಚ್ಚಲಿನಿಂದ ಕೂಗಿದರು: "ಅಲ್ವೇ, ಅಪರಿಚಿತ ಅಂದ್ರೆ ಏನು? ಇಂಟರ್ವ್ಯೂಗೆ ನನ್ನ ಶರ್ಟು ಹಾಕ್ಕೊಂಡು ಹೋದೋನು ಇವನೇ ತಾನೇ?"

ನನಗೆ ಕೋಪವಿಲ್ಲ. ಇದೆ ಎಂದೂ ಅನ್ನಿಸುತ್ತದೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ನಿನ್ನ ದನಿ ಕಿವಿಗೆ ಬಿದ್ದ ತಕ್ಷಣ 'ಊಟ ಆಯ್ತಾ' ಎಂದು ಬಾಯಿ ತಾನಾಗಿ ಕೇಳಿಬಿಡುತ್ತದೆ, ಜಗಳ ಕೆಟ್ಟುಹೋಗುತ್ತದೆ. ಅದಕ್ಕೇ ಕಾಗದ. ಸಮಾರಂಭಕ್ಕೆ ಬಂದು ನಾಲ್ಕು ಜನರ ಮುಂದೆ ಬಾಯಿ ಬಿಡುವ ಮೊದಲು ನನಗೆ ಒಂದು ತಿಳಿಯಬೇಕು. ಆ ಕೋಣೆಯಲ್ಲಿ ನಾನು ಇದ್ದೆನೋ, ಇರಲಿಲ್ಲವೋ? ಇದ್ದೆ ಎಂದಾದರೆ ಬರುತ್ತೇನೆ. ಇರಲಿಲ್ಲ ಎಂದಾದರೆ, ಇಲ್ಲದವಳು ಬಂದು ಏನು ಮಾತಾಡಲಿ?

ಮುಂದಿನ ತಿಂಗಳ ಮೊದಲ ಭಾನುವಾರ ನಿಮ್ಮ ಪ್ರೊಫೆಸರರು ಸಮಾರಂಭದ ಸಂಚಿಕೆಗೆಂದು ಆ ಕೋಣೆಯ ಫೋಟೋ ತೆಗೆಸಲು ಬರುತ್ತಾರಂತೆ. ಬರಲಿ. ಗುಡಿಸಿಟ್ಟಿರುತ್ತೇನೆ.

ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ
ಅಕ್ಕ

ವಿ.ಸೂ.: ಭಾವ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾರೆ. ಮೂವತ್ತೊಂದನೇ ಪುಟದಲ್ಲಿ 'ಐದೂ ನಲವತ್ತರ ಖಾಲಿ ಬಸ್ಸು' ಎಂದಿದೆಯಂತೆ. ಅವರ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಐದೂ ನಲವತ್ತರ ಬಸ್ಸು ಒಂದು ದಿನವೂ ಖಾಲಿ ಬಂದಿಲ್ಲವಂತೆ. ಎರಡನೇ ಮುದ್ರಣದಲ್ಲಿ ಸರಿಪಡಿಸಬೇಕಂತೆ.


ಮಾರ್ಚ್ ೫, ಸೋಮವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಉತ್ತರ ಬಂದು ಒಂದು ವಾರವಾಯಿತು. ಈ ಸಲದ ತಡಕ್ಕೆ ನೀನು ಕಾರಣನಲ್ಲ, ನಿನ್ನ ಉತ್ತರವನ್ನು ಅರ್ಥ ಮಾಡಿಕೊಳ್ಳಲು ಹೊರಟ ನನ್ನ ತಲೆ ಕಾರಣ. 'ಅಕ್ಕಾ, ಕವಿತೆಯಲ್ಲಿ ಬರುವ ನಾನು ಎಂಬವನು ನಾನಲ್ಲ, ಅವನು ಆಧುನಿಕ ನಗರದ ಯಾವನೋ ಒಬ್ಬ ಮನುಷ್ಯ' ಎಂದು ಬರೆದಿದ್ದೀಯ. ಒಳ್ಳೆಯದು. ಹಾಗಾದರೆ ಹನ್ನೊಂದು ವರ್ಷ ನಮ್ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ತಿಂದವನು ನೀನೋ, ಅವನೋ? ಅವನಾಗಿದ್ದರೆ ಅವನ ವಿಳಾಸ ಕೊಡು. ನನ್ನ ಒಳ್ಳೆಯ ಕತ್ತರಿಯೊಂದು ಆ ಕಾಲದಲ್ಲಿ ಕಳೆದುಹೋಗಿದೆ, ವಿಚಾರಿಸಬೇಕು.

ನಾನು ಕೇಳಿದ್ದು ಸಣ್ಣ ಪ್ರಶ್ನೆ, ನೀನು ಕೊಟ್ಟದ್ದು ಎರಡು ಪುಟದ ಉಪನ್ಯಾಸ. ಉಪನ್ಯಾಸ ಚೆನ್ನಾಗಿತ್ತು. ಪ್ರಶ್ನೆ ಹಾಗೇ ಇದೆ.

ನಿನ್ನೆ ಫೋಟೋದವರು ಬಂದರು. ಬೆಳಿಗ್ಗೆ ಹನ್ನೊಂದಕ್ಕೆ, ಭಾವನ ಪ್ರಕಾರ ಹನ್ನೊಂದೂ ಏಳು. ಪ್ರೊಫೆಸರರು ಸಭ್ಯರು, ಮೆತ್ತಗೆ ಮಾತಾಡುವವರು. ಕೋಟಿನ ಎಡ ತೋಳು ಅರ್ಧ ಇಂಚು ಉದ್ದ. ಜೊತೆಗೆ ಫೋಟೋಗ್ರಾಫರ್ ಹೆಂಗಸು, ಕುತ್ತಿಗೆಗೆ ಎರಡು ಕ್ಯಾಮೆರಾ. ಪ್ರೊಫೆಸರರು ಹೊಸ್ತಿಲಲ್ಲೇ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನಾ ಆ ಕೋಣೆ?"

"ಇದೇ ಸಾರ್."

"ಇದು... ತುಂಬಿದೆಯಲ್ಲ" ಎಂದರು, ಊಟದಲ್ಲಿ ಕಲ್ಲು ಸಿಕ್ಕವರ ಮುಖ ಮಾಡಿ.

ತುಂಬಿತ್ತು, ಏನು ಮಾಡಲಿ? ಎರಡು ಮಷಿನ್ನು, ಗೋಡೆಯುದ್ದಕ್ಕೂ ನೇತುಹಾಕಿದ ಹದಿನಾಲ್ಕು ಕೋಟು, ಬಟ್ಟೆ ತೊಡಿಸುವ ತಲೆಯಿಲ್ಲದ ಗೊಂಬೆ, ಮಂಚದ ಮೇಲೆ ಅತ್ತೆ, ಕುರ್ಚಿಯಲ್ಲಿ ಭಾವ. ಫೋಟೋಗ್ರಾಫರ್ ಸುತ್ತ ಕಣ್ಣಾಡಿಸಿ, "ಇದನ್ನೆಲ್ಲ ಆಚೆ ಹಾಕ್ಬೇಕಾಗತ್ತೆ ಅಮ್ಮಾ" ಎಂದಳು. ನಿನ್ನ ಕೀರ್ತಿಗಾಗಿ ಹಾಕಿದೆವು. ಪ್ರೊಫೆಸರರೇ ತೋಳು ಮಡಚಿ ಮಷಿನ್ನಿನ ಒಂದು ಕಡೆ ಹಿಡಿದರು. ಯಂತ್ರನಾಗರಿಕತೆಯ ತೂಕ ಅವರಿಗೆ ಆಗಲೇ ತಿಳಿದದ್ದು. ಎದುರುಮನೆಯ ನರ್ಸಮ್ಮನ ವರಾಂಡದಲ್ಲಿ ನಮ್ಮ ಸಂಸಾರವೆಲ್ಲ ಗುಡ್ಡೆಯಾಯಿತು.

ಸಾಮಾನು ಹೊರಹೋಗುವುದನ್ನು ನೋಡಿ ಅತ್ತೆಗೆ ಗಾಬರಿ.

"ಯಾರು ಹೋದ್ರೇ?"

"ಯಾರೂ ಹೋಗಿಲ್ಲ ಅತ್ತೆ. ಫೋಟೋ ತೆಗೀತಾರೆ."

"ಹೋದ್ಮೇಲೆ ತೆಗೆದು ಏನು ಬಂತು? ಇದ್ದಾಗ ತೆಗೀಬೇಕಿತ್ತು!"

ಅವರನ್ನು ಮಂಚದ ಸಮೇತ ಒಳಕೋಣೆಗೆ ಸಾಗಿಸಿದೆವು. ಉಳಿದದ್ದು ಕುರ್ಚಿ. ಕವಿತೆಯಲ್ಲಿ ಇರುವುದರಿಂದ ಕುರ್ಚಿ ಬೇಕು, ಆದರೆ ಖಾಲಿ ಬೇಕು. ಭಾವ ಏಳಲಿಲ್ಲ.

"ನಾನು ಕೂತಿರೋ ಕುರ್ಚಿ ಖಾಲಿ ಹೇಗಾಗತ್ತೆ ಸಾರ್? ಮೂವತ್ತು ವರ್ಷದಿಂದ ಇದರಲ್ಲಿ ನಾನೇ ಇದ್ದೀನಿ. ಬೇಕಾದ್ರೆ ನನ್ನ ಸಮೇತ ತೆಗೀರಿ, ಕೆಮ್ಮೋ ಹಾಗೆ ಕೂರ್ತೀನಿ."

"ತಾವು ತಪ್ಪು ತಿಳೀಬಾರ್ದು. ಕವಿತೆಯಲ್ಲಿ ತಾವು ಗೋಡೆಯಾಚೆ ಇದ್ದೀರಿ" ಎಂದರು ಪ್ರೊಫೆಸರರು, ಬಹಳ ಮರ್ಯಾದೆಯಿಂದ.

ಭಾವ ಎದ್ದರು. ಕುರ್ಚಿಯನ್ನೂ ಎತ್ತಿಕೊಂಡು ಗೋಡೆಯಾಚೆ ಹೋಗಿಬಿಟ್ಟರು. ಕೊನೆಗೆ ನರ್ಸಮ್ಮನ ಮನೆಯ ಕುರ್ಚಿ ತಂದೆ. ಅದರ ಮೆತ್ತೆಯ ಮೇಲೆ ಹಳದಿ ಹೂವು. ಪ್ರೊಫೆಸರರು ಬಹಳ ಹೊತ್ತು ಅದನ್ನೇ ನೋಡಿ, "ಹೂವು ಬೇಡ, ಸ್ವಲ್ಪ ಆಶಾವಾದ ಆಗಿಬಿಡತ್ತೆ" ಎಂದರು. ಮೆತ್ತೆಯನ್ನು ಬೋರಲು ಹಾಕಿದೆವು.

ಹಾಗೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಗೋಡೆಯ ಹತ್ತಿರ ಹೋದರು. ಕೋಟುಗಳ ಹಿಂದೆ ಮುಚ್ಚಿಹೋಗಿದ್ದ ಜಾಗ. ಅಲ್ಲಿ ಒಂದರ ಮೇಲೊಂದು ಪೆನ್ಸಿಲಿನ ಗೀಟುಗಳು. ಕೈಬೀಸಿ ಕರೆದರು. "ನೋಡಿ, ನೋಡಿ ಇಲ್ಲಿ! ಗೀಟು ಹಾಕಿದ್ದಾರೆ. ಸೆರೆಮನೆಯಲ್ಲಿ ಕೈದಿ ದಿನ ಎಣಿಸೋ ಹಾಗೆ!" ಫೋಟೋಗ್ರಾಫರ್ ಓಡಿ ಬಂದು ಹತ್ತು ಫೋಟೋ ಹೊಡೆದಳು.

ಅದು ಮಗಳ ಎತ್ತರ, ಗುಬ್ಬಿ. ವರ್ಷಕ್ಕೊಂದು ಗೀಟು, ನನ್ನ ಅಳತೆ ಟೇಪು ಹಿಡಿದು ನೀನೇ ಹಾಕಿದ್ದು, ಅವಳು ಹಿಮ್ಮಡಿ ಎತ್ತಿದರೆ ತಲೆಗೆ ಮೊಟಕಿ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಆ ಮನುಷ್ಯರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಈಗ ಅದೂ ಅಚ್ಚಾಗುತ್ತದೆ. ಮಗಳ ಎತ್ತರ ನಿನ್ನ ದುಃಖವಾಗುತ್ತದೆ.

ಎಲ್ಲ ಸಿದ್ಧವಾದ ಮೇಲೆ ಫೋಟೋಗ್ರಾಫರ್ ನನ್ನ ಕಡೆ ನೋಡಿದಳು. "ಅಮ್ಮಾ, ಇನ್ನೂ ಒಂಚೂರು ಆಚೆ ಹೋಗ್ತೀರಾ? ನಿಮ್ಮ ನೆರಳು ಬೀಳ್ತಿದೆ."

ನೆರಳನ್ನೂ ಎತ್ತಿಕೊಂಡು ಹೋದೆ.

ಆಮೇಲೆ ಟೀ ಕುಡಿಯುತ್ತಾ ಪ್ರೊಫೆಸರರು ನಿನ್ನ ಬಗ್ಗೆ ಕೇಳಿದರು. "ಆ ದಿನಗಳಲ್ಲಿ ಅವರು ಹೇಗಿರ್ತಿದ್ರು?"

"ತೆಳ್ಳಗಿದ್ದ. ಸೊಂಟ ಇಪ್ಪತ್ತೆಂಟು."

"ಅಲ್ಲ, ಮಾನಸಿಕವಾಗಿ?"

"ಅದರ ಅಳತೆ ತಗೊಂಡಿಲ್ಲ ಸಾರ್."

ನಾನು ತಮಾಷೆಗೆ ಹೇಳಿದ್ದು. ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಹೊರಡುವಾಗ ನನಗೆ ಒಂದು ವಾಕ್ಯ ಹೇಳಿಕೊಟ್ಟರು. "ವೇದಿಕೆ ಮೇಲೆ ಹೆಚ್ಚೇನೂ ಬೇಡ ಅಮ್ಮಾ. 'ನಮ್ಮೆಲ್ಲರ ನಡುವೆ ಇದ್ದರೂ ಅವನು ಒಬ್ಬನೇ ಇದ್ದ', ಇಷ್ಟೇ ಹೇಳಿ. ಸಭೆ ಸ್ತಬ್ಧವಾಗತ್ತೆ." ವಾಕ್ಯ ಚೆನ್ನಾಗಿದೆ. ನನ್ನ ಅಳತೆಗೆ ಹೊಲಿದದ್ದಲ್ಲ, ಅಷ್ಟೇ.

ಅವರು ಹೋದರು. ಭಾವ ನರ್ಸಮ್ಮನ ವರಾಂಡದಲ್ಲಿ ತಮ್ಮ ಕುರ್ಚಿ ಹಾಕಿಕೊಂಡು ಅವಳಿಗೆ ಆ ಕಿವಿ ಮಡಚಿದ ಪುಟ ತೋರಿಸುತ್ತಿದ್ದರು. ಅತ್ತೆ ನಿದ್ದೆ ಹೋಗಿದ್ದರು. ಮಟಮಟ ಮಧ್ಯಾಹ್ನ, ಆ ಕೋಣೆಯಲ್ಲಿ ನಾನೊಬ್ಬಳೇ. ಮದುವೆಯಾಗಿ ಬಂದಾಗಿನಿಂದ ಅದು ಖಾಲಿಯಾದದ್ದನ್ನು ನಾನು ನೋಡಿರಲಿಲ್ಲ. ನೀನು ಕೂರುತ್ತಿದ್ದ ಜಾಗದಲ್ಲಿ, ಕಿಟಕಿಯ ಕೆಳಗೆ, ನೆಲದ ಮೇಲೆ ಕೂತೆ. ಅಲ್ಲಿಂದ ಕಾಣುವುದು ಪಕ್ಕದ ಕಟ್ಟಡದ ಹಿಂಗೋಡೆ, ಒಂದು ನೀರಿನ ಪೈಪು, ಅಂಗೈಯಗಲ ಆಕಾಶ. ನಿನ್ನ ಪುಸ್ತಕದಲ್ಲಿ ಇರುವುದೂ ಅಷ್ಟೇ, ಈಗ ತಿಳಿಯಿತು. ಹಿಂದಕ್ಕೆ ತಿರುಗಿ ನೋಡಿದೆ. ನನ್ನ ಮಷಿನ್ನು ಇದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ. ಬೆಳಕು ಬೇಕೆಂದು ನಾನು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆ, ನೀನು ಕಿಟಕಿಗೆ ಮುಖ ಮಾಡಿ. ಹನ್ನೊಂದು ವರ್ಷ ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೇವೆ ಗುಬ್ಬಿ. ಇದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಕವಿತೆಯನ್ನು ಗಟ್ಟಿಯಾಗಿ ಓದಿದೆ. ಸಾಮಾನಿಲ್ಲದ ಕೋಣೆ, ದನಿ ಗೋಡೆಗೆ ಬಡಿದು ಬಂತು. ಕವಿತೆ ಚೆನ್ನಾಗಿದೆ. ಅದೇ ನನಗೆ ತೊಂದರೆಯಾಗಿರುವುದು. ಬರೀ ಸುಳ್ಳಾಗಿದ್ದರೆ ನಕ್ಕು ಬಿಡುತ್ತಿದ್ದೆ. 'ಯಾರೂ ನನ್ನೊಡನೆ ಒಂದು ಮಾತಾಡಿಲ್ಲ' ಎಂಬ ಸಾಲಿಗೆ ಬಂದಾಗ ಇದನ್ನು ಬರೆದವನು ನೀನೋ, ನಾನೇ ಯಾವಾಗಲೋ ಬರೆದು ಮರೆತಿದ್ದೆನೋ ಎಂದು ಒಂದು ಗಳಿಗೆ ತಬ್ಬಿಬ್ಬಾಯಿತು. ನಾನು ಅಂಗಡಿ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ, ನಿನಗೆ ಗೊತ್ತು.

ಅಷ್ಟರಲ್ಲಿ ಭಾವ ಬಾಗಿಲಿಗೆ ಬಂದರು.

"ಯಾಕೆ ಒಬ್ಳೇ ಕೂತಿದ್ದೀಯ?"

"ಸುಮ್ನೆ."

"ಒಂದೂ ಇಪ್ಪತ್ತರಿಂದ ಕೂತಿದ್ದೀಯ" ಎಂದರು. ಕುರ್ಚಿ ಎತ್ತಿಕೊಂಡು ಒಳಗೆ ಬಂದರು. "ಕುರ್ಚಿ ಎಲ್ಲಿಡ್ಲಿ?"

ಎಲ್ಲವನ್ನೂ ಮತ್ತೆ ಒಳಗೆ ತರುವಷ್ಟರಲ್ಲಿ ಸಂಜೆಯಾಯಿತು. ಇನ್ನೂ ನನ್ನ ಒಂದು ಕೋಟು ಸಿಕ್ಕಿಲ್ಲ.

ಪ್ರಶ್ನೆಗೆ ಉತ್ತರ ಬರೆ. ಉಪನ್ಯಾಸ ಬೇಡ. ಒಂದು ಸಾಲು ಸಾಕು, ನಿನ್ನ ಪುಸ್ತಕದಲ್ಲಿ ಇರುವಂತೆ.

ನಿನ್ನ
ಅಕ್ಕ


ಮಾರ್ಚ್ ೧೫, ಗುರುವಾರ

ಪ್ರೀತಿಯ ಗುಬ್ಬಿಗೆ ಆಶೀರ್ವಾದಗ​ಳು.

ಈ ಸಲ ತಡವಿಲ್ಲ. ನಿನ್ನ ಕಾಗದ ನಿನ್ನೆ ಬಂತು, ಇವತ್ತು ಬರೆಯುತ್ತಿದ್ದೇನೆ. ಹಾಗಾಗಿ ಕ್ಷಮೆ ಕೇಳುವ ಅವಕಾಶ ತಪ್ಪಿತು, ಅದಕ್ಕೆ ಕ್ಷಮಿಸು. ಕಳೆದುಹೋಗಿದ್ದ ಕೋಟು ನರ್ಸಮ್ಮನ ಮನೆಯಲ್ಲಿ ಸಿಕ್ಕಿತು. ಅವಳ ಮಗಳು ಅದನ್ನು ಹಾಕಿಕೊಂಡು ಎರಡು ದಿನ ಶಾಲೆಗೇ ಹೋಗಿ ಬಂದಿದ್ದಾಳೆ. ಅಳತೆ ಸರಿಯಾಗಿದೆಯಂತೆ.

ನೀನು ನನ್ನ ಪ್ರಶ್ನೆಗೆ ಒಂದೇ ಸಾಲು ಬರೆದಿದ್ದೀಯ: 'ನನಗೆ ಗೊತ್ತಿಲ್ಲ ಅಕ್ಕಾ.' ಅದರ ಕೆಳಗೆ, ಎರಡನೇ ಮುದ್ರಣದಲ್ಲಿ ಮೊದಲ ಪುಟಕ್ಕೆ 'ಅಕ್ಕನಿಗೆ' ಎಂದು ಹಾಕಿಸುತ್ತೇನೆ ಎಂದಿದ್ದೀಯ. ಬೇಡ. ಹೊಲಿದು ಮುಗಿದ ಕೋಟಿಗೆ ಆಮೇಲೆ ಜೇಬು ಇಟ್ಟರೆ ಜೇಬು ಮಾತ್ರ ಕಾಣುತ್ತದೆ, ಕೋಟು ಕಾಣುವುದಿಲ್ಲ. ಬಸ್ಸನ್ನು ಬೇಕಾದರೆ ಸರಿಪಡಿಸು, ಭಾವನಿಗೆ ಸಮಾಧಾನವಾಗುತ್ತದೆ.

ಆದರೆ ನಿನ್ನ ಆ 'ಗೊತ್ತಿಲ್ಲ' ನನಗೆ ಹಿಡಿಸಿತು. ಮೂರು ಕಾಗದದಲ್ಲಿ ಕವಿಯಲ್ಲದೆ ಗುಬ್ಬಿ ಬರೆದ ಮಾತು ಅದೊಂದೇ. ಅತ್ತಿತ್ತ ತಿರುವಿ ನೋಡಿದೆ, ಒಳಮೈಯಲ್ಲೂ ಅದೇ ಇದೆ. ನನಗೂ ಗೊತ್ತಿಲ್ಲ. ಏಳು ಜನರಿದ್ದ ಕೋಣೆಯಲ್ಲಿ ನೀನು ಒಂಟಿಯಾಗಿದ್ದರೆ ಅದು ನಮ್ಮ ತಪ್ಪೇ, ನಿನ್ನ ತಪ್ಪೇ, ಕೋಣೆಯ ತಪ್ಪೇ? ನೀನು ಹೀಗೆ ಒದ್ದಾಡುತ್ತಿರುವುದು ಗೊತ್ತಾಗಿದ್ದರೆ ನಾನು ಏನು ಮಾಡುತ್ತಿದ್ದೆ? ಇನ್ನೊಂದು ಸಲ ಬಡಿಸುತ್ತಿದ್ದೆ. ಮನೆಯಲ್ಲಿ ಯಾರು ಸಪ್ಪಗಿದ್ದರೂ ನನಗೆ ತಿಳಿದಿದ್ದ ಚಿಕಿತ್ಸೆ ಅದೊಂದೇ.

ಸಮಾರಂಭಕ್ಕೆ ಬರುತ್ತೇನೆ. ಪ್ರೊಫೆಸರರ ವಾಕ್ಯ ನನ್ನಿಂದ ಆಗದು. ಅದು ನಿಜವಾಗಿದ್ದರೂ ನಾನು ಹೇಳುವ ಮಾತಲ್ಲ. ಅದು ಸುಳ್ಳು ಎಂದು ಎದ್ದು ನಿಂತು ಹೇಳಿ ನಿನ್ನ ಬಹುಮಾನಕ್ಕೆ ಮಣ್ಣು ಹಾಕುವ ಅಕ್ಕನೂ ನಾನಲ್ಲ. ನೀನು ಕೇಳಿದ್ದು ಎರಡು ಮಾತು ತಾನೇ? ಎರಡೇ ಹೇಳುತ್ತೇನೆ: 'ನಾನು ಇವನ ಅಕ್ಕ. ಆ ಕೋಣೆಯಲ್ಲಿ ನಾನೂ ಇದ್ದೆ.' ಅಷ್ಟೇ ಹೇಳಿ ಕೂತುಬಿಡುತ್ತೇನೆ. ಸಭೆ ಸ್ತಬ್ಧವಾಗುತ್ತದೋ, ಚಪ್ಪಾಳೆ ತಟ್ಟುತ್ತದೋ, ಟೀಗೆ ಎದ್ದು ಹೋಗುತ್ತದೋ ಅವರಿಗೆ ಬಿಟ್ಟದ್ದು. ಭಾವನ ಮುಂದೆ ನಿಂತು ಅಭ್ಯಾಸ ಮಾಡಿದೆ. "ನಾಲ್ಕು ಸೆಕೆಂಡು. ಸ್ವಲ್ಪ ನಿಧಾನ ಮಾಡು, ಜನ ಕೂತ್ಕೊಳ್ಳೋಷ್ಟರಲ್ಲಿ ಮುಗಿದುಹೋಗತ್ತೆ" ಎಂದರು. ಅವರೂ ಬರುತ್ತಾರೆ. ಮೊದಲ ಸಾಲಿನಲ್ಲಿ ಕೂತು ಕೆಮ್ಮುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾರೆ.

ನಿನಗೊಂದು ಬಿಳಿ ಶರ್ಟು ಹೊಲಿದಿದ್ದೇನೆ. ಈಗಿನ ಸೊಂಟ ಗೊತ್ತಿಲ್ಲ, ಪುಸ್ತಕದ ಹಿಂಬದಿಯ ಫೋಟೋ ನೋಡಿ ಅಂದಾಜು ಮಾಡಿದ್ದು. ಹೆಚ್ಚುಕಡಿಮೆಯಾಗಿದ್ದರೆ ಕೋಟು ಹಾಕಿಕೋ.

ನೂರು ಕಾಲ ಬಾಳು. ಇನ್ನೂ ಹತ್ತು ಪುಸ್ತಕ ಬರೆ. ಅದರಲ್ಲಿ ಯಾರನ್ನು ಬೇಕಾದರೂ ಬಿಡು, ಯಾರನ್ನು ಬೇಕಾದರೂ ಹಾಕು. ನಿನ್ನ ಕೈ ನಿಲ್ಲದಿರಲಿ. ಕಣ್ಣು ಹುಷಾರು.

ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದು ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ಭಾವನಿಗೆ ಓದಿ ಹೇಳಿಲ್ಲ, ನೀನೂ ಯಾರಿಗೂ ಹೇಳಬೇಡ.

ನಿನಗೆ ನೌಕರಿ ಸಿಕ್ಕಿ, ನೀನು ಇಲ್ಲಿಂದ ಹೊರಡುವ ಹಿಂದಿನ ತಿಂಗಳು. ಒಂದು ಸಂಜೆ ಭಾವ ಡ್ಯೂಟಿಯಲ್ಲಿದ್ದರು, ಅತ್ತೆ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು, ಗುಂಡಿಯವರು ಬಂದಿರಲಿಲ್ಲ. ನಾನು ಮಷಿನ್ನು ತುಳಿಯುತ್ತಾ ನಿನಗೆ ಹೇಳಿದೆ. ನನಗೆ ಈ ಮನೆಯಲ್ಲಿ ಉಸಿರು ಕಟ್ಟುತ್ತದೆ ಗುಬ್ಬಿ, ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಕಟ್ಟುತ್ತದೆ, ನೀನು ಬೇರೆ ಕೋಣೆ ಹಿಡಿದಾಗ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗು, ಸ್ವಲ್ಪ ದಿನ ಸಾಕು ಎಂದೆ. ಈಗಿನ ಭಾವ ಬೇರೆ, ಆಗಿನವರು ಬೇರೆ. ಗೋಡೆಯಾಚೆಯ ಆ ಕೆಮ್ಮು ಬಿಟ್ಟರೆ ಅವರಿಂದ ನನಗೂ ಬೇರೆ ಸದ್ದು ಕೇಳುತ್ತಿರಲಿಲ್ಲ. ನೀನು 'ಹೂಂ ಅಕ್ಕಾ' ಎಂದೆ.

ನೀನು ಹೊರಟ ದಿನ ಮಂಚದ ಕೆಳಗೆ ನನ್ನ ಚೀಲ ಸಿದ್ಧವಿತ್ತು, ಮಗಳ ಎರಡು ಫ್ರಾಕು ಸಮೇತ. ನೀನು ಬಾಗಿಲಲ್ಲಿ ನಿಂತು 'ಬರ್ತೀನಿ' ಎಂದೆ. ನಾನು 'ಹುಷಾರಾಗಿ ಹೋಗು' ಎಂದೆ. ನಾನು ಆ ಚೀಲ ಬಿಚ್ಚುವ ಹೊತ್ತಿಗೆ ಫ್ರಾಕುಗಳು ಮಗಳಿಗೆ ಚಿಕ್ಕವಾಗಿದ್ದವು.

ಇಪ್ಪತ್ತು ವರ್ಷ, ನೀನು ಕೇಳಿಸಿಕೊಂಡು, ಹೆದರಿ, ಬಿಟ್ಟು ಹೋದೆ ಎಂದು ತಿಳಿದಿದ್ದೆ. ಅದನ್ನು ಎಂದೋ ಕ್ಷಮಿಸಿದ್ದೇನೆ. ನಿನ್ನ ವಯಸ್ಸೇನು, ಸಂಬಳವೇನು. ಈಗ ಈ ಪುಸ್ತಕ ಓದಿದ ಮೇಲೆ, ನೀನು ಅದನ್ನು ಕೇಳಿಸಿಕೊಂಡೇ ಇರಲಿಲ್ಲವೇನೋ ಅನ್ನಿಸುತ್ತಿದೆ. ಕೇಳಿಸಿಕೊಂಡು ಹೋದೆಯಾ, ಕೇಳಿಸದೆ ಹೋದೆಯಾ? ಎರಡರಲ್ಲಿ ಯಾವುದು ನಿಜವಾದರೆ ನನಗೆ ಸಮಾಧಾನ ಎಂಬುದೇ ನನಗೆ ತಿಳಿಯುತ್ತಿಲ್ಲ. ಇದಕ್ಕೂ 'ಗೊತ್ತಿಲ್ಲ' ಎಂದು ಬರೆಯಬೇಡ. ಕಾಗದವೇ ಬೇಡ. ಇಪ್ಪತ್ನಾಲ್ಕಕ್ಕೆ ಮೊದಲು ಒಂದು ದಿನ ಮನೆಗೆ ಬಾ. ಒಬ್ಬನೇ ಬಾ.